ಕೊರ್ರೆಸ್ ಬಗ್ಗೆ ಬರೆಯಲು ಹೋಗಿ ಕಲ್ಲಿನ ಚಿತ್ರ ಬಿಡಿಸಿದೆ

ಗ್ರೀಸ್‌ನ ವಾಸ್ತುಶಿಲ್ಪ ಇತಿಹಾಸಕಾರ ಮಾನೊಲಿಸ್ ಕೊರ್ರೆಸ್ ಬಗ್ಗೆ ಬರೆಯೋಣ ಅಂತ ಕೂತಾಗ ನನ್ನ ಮೊದಲ ಕರಡು ಅರ್ಧ ಪುಟಕ್ಕೇ ಮುಗಿದುಹೋಯಿತು. 1948ರಲ್ಲಿ ಅಥೆನ್ಸ್‌ನಲ್ಲಿ ಹುಟ್ಟಿದರು. ಅಲ್ಲೇ ವಾಸ್ತುಶಿಲ್ಪ ಓದಿದರು. ಅಲ್ಲಿನ ಪುರಾತನ ಅಮೃತಶಿಲೆ ಗುಡಿ ಪಾರ್ಥೆನಾನ್‌ನ ದುರಸ್ತಿಯಲ್ಲಿ ವರ್ಷಗಟ್ಟಲೆ ದುಡಿದರು, ಅದರ ಮುಂದಾಳಾದರು, ಆಮೇಲೆ ಮೇಷ್ಟ್ರಾದರು. ಓದಿದರೆ ನೌಕರಿ ಅರ್ಜಿಯ ಹಾಗಿತ್ತು.

ಹಳೇ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯೋದು ನನ್ನ ಕಸುಬು. ಕೊರ್ರೆಸ್ ನನಗೆ ಹಿಡಿಸಿದ್ದೂ ಅವರು ಕೈಯಲ್ಲಿ ಬಿಡಿಸಿದ ಚಿತ್ರಗಳಿಂದಲೇ. ಪೆಂಟೆಲಿ ಬೆಟ್ಟದ ಕ್ವಾರಿಯಿಂದ ಕಂಬದ ಬೋದಿಗೆಯೊಂದು ಪಾರ್ಥೆನಾನ್ ಇರುವ ಗುಡ್ಡ ಅಕ್ರೊಪೊಲಿಸ್‌ವರೆಗೆ ಹೇಗೆ ಬಂದಿರಬೇಕು ಅನ್ನೋದನ್ನು ಹಂತಹಂತವಾಗಿ ಬಿಡಿಸಿದ್ದಾರೆ. ಅಥೆನ್ಸ್‌ಗೆ ಹೋದಾಗ ನಾನೂ ಒಂದು ಕಲ್ಲನ್ನು ಹಾಗೆ ಬಿಡಿಸಿ ನೋಡೋಣ ಅನ್ನಿಸಿತು.

ಅಕ್ರೊಪೊಲಿಸ್ ಮೇಲೆ ಕಲ್ಲು ಮುಟ್ಟುವ ಹಾಗಿಲ್ಲ. ಹಗ್ಗದ ಈಚೆ ನಿಂತು, ನೆಲದ ಮೇಲಿದ್ದ ಗೋಡೆಕಲ್ಲೊಂದನ್ನು ಆರಿಸಿಕೊಂಡೆ. ಹದಿನೈದು ನಿಮಿಷಕ್ಕೆ ಚಿತ್ರ ಮುಗಿಯಿತು. ಒಂದು ಪೆಟ್ಟಿಗೆ, ಅಷ್ಟೇ. ಸುಮ್ನೆ ಇನ್ನೊಮ್ಮೆ ನೋಡಿದೆ. ತುದಿಯ ಮುಖದಲ್ಲಿ ಅಂಚು ಮಾತ್ರ ನಯ. ನಡುಭಾಗ ತುಸು ಒಳಕ್ಕೆ, ಒರಟು. ಸವೆದಿದೆ ಅಂದುಕೊಂಡು ಮೊದಲು ಬಿಟ್ಟುಬಿಟ್ಟಿದ್ದೆ. ಅದು ಸವೆತವಲ್ಲ. ಪಕ್ಕದ ಕಲ್ಲಿನ ಜೊತೆ ಅಂಚು ಕೂದಲೂ ತೂರದಂತೆ ಕೂರಲಿ ಅಂತ ಕಲ್ಲುಕುಟಿಗ ಬೇಕೆಂದೇ ನಡುವೆ ಕೆತ್ತಿದ್ದು.

ಮೇಲ್ಗಡೆ, ತುದಿಗೆ, ಇಂಗ್ಲಿಷಿನ 'ಟಿ' ಹಾಗಿರುವ ಕುಳಿ. ಪಕ್ಕದ ಕಲ್ಲಿನಲ್ಲೂ ಅಂಥದ್ದೇ ಇರಬೇಕಲ್ವಾ? ಎರಡೂ ಸೇರಿದರೆ ಕಬ್ಬಿಣದ ಕೊಂಡಿ ಕೂರುವ ಜಾಗ. ಹಳಬರು ಕೊಂಡಿಯ ಸುತ್ತ ಸೀಸ ಕರಗಿಸಿ ಸುರಿಯುತ್ತಿದ್ದರು, ತುಕ್ಕು ಹಿಡಿಯದಿರಲಿ ಅಂತ. 1898ರಿಂದ 1933ರ ನಡುವೆ ದುರಸ್ತಿ ನಡೆಸಿದ ನಿಕೊಲಾಸ್ ಬಲಾನೋಸ್ ಸೀಸ ಬಿಟ್ಟು ಕಬ್ಬಿಣ ಹಾಕಿಸಿದರು. ಅದು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿತು. ಅದನ್ನೆಲ್ಲ ಕಿತ್ತು ಟೈಟೇನಿಯಂ ಹಾಕುವ ಪಾಡು ಆಮೇಲಿನವರದ್ದು.

ಆ ಹಳೇ ದುರಸ್ತಿಯಲ್ಲಿ ಎಷ್ಟೋ ಕಲ್ಲುಗಳು ತಪ್ಪು ಜಾಗಕ್ಕೂ ಹೋಗಿದ್ದವು. ನೋಡಲು ಗೋಡೆಕಲ್ಲೆಲ್ಲ ಒಂದೇ ಥರ. ಆದರೆ ಪಾರ್ಥೆನಾನ್‌ನ ಜಗಲಿಯೇ ಸಮತಟ್ಟಾಗಿಲ್ಲ, ಉದ್ದದ ಬದಿಯ ನಡುಭಾಗ ಸುಮಾರು 11 ಸೆಂ.ಮೀ. ಉಬ್ಬಿದೆ. ಆ ಉಬ್ಬು ಮೇಲಿನವರೆಗೂ ಏರುತ್ತದೆ. ಹಾಗಾಗಿ ಒಂದು ಕಲ್ಲಿನ ಜಾಗಕ್ಕೆ ಇನ್ನೊಂದು ಕೂರೋದಿಲ್ಲ. 1687ರ ಸಿಡಿಮದ್ದಿನ ಸ್ಫೋಟದಲ್ಲಿ ಚೆಲ್ಲಾಪಿಲ್ಲಿಯಾದ ಕಲ್ಲುಗಳ ಕುಳಿ, ಅಂಚು, ಮಳೆಗಾಳಿಯ ಗುರುತು ನೋಡಿ ಕೊರ್ರೆಸ್ ಅವುಗಳ ಮೂಲ ಜಾಗ ಹುಡುಕಿದರು. ಒಳಗುಡಿಯ ಪೂರ್ವದ ಗೋಡೆಯಲ್ಲಿ, ಬಾಗಿಲಿನ ಎರಡೂ ಕಡೆ ಕಿಟಕಿ ಇತ್ತು ಅಂತ ತೋರಿಸಿದ್ದೂ ಹೀಗೇ. ಗ್ರೀಕ್ ಗುಡಿಗೆ ಕಿಟಕಿ! ನನಗಂತೂ ಇದು ಅವರ ಪದವಿಗಳಿಗಿಂತ ದೊಡ್ಡ ಸುದ್ದಿ.

ಎರಡನೇ ಚಿತ್ರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಕಲ್ಲಿನ ಆಚೆ ತುದಿ ನೋಡಲು ಬಗ್ಗಿದೆ, ಕಾವಲಿನವಳು ಸೀಟಿ ಊದಿದಳು. ಆ ಬದಿಯನ್ನು ಚುಕ್ಕಿ ಗೆರೆಯಲ್ಲೇ ಬಿಟ್ಟೆ.