ಕಲ್ಲಿದ್ದಲು ಗಣಿಯ ದಿಬ್ಬದ ಮೇಲೆ ಸ್ಥಳೀಯ ಕಾಡು ಬೆಳೆಸುವುದು

ಜಾರ್ಖಂಡ್‌ನ ಝರಿಯಾದಂಥ ಕಲ್ಲಿದ್ದಲು ಪ್ರದೇಶದಲ್ಲಿ ಸ್ಥಳೀಯ ಸಸ್ಯಗಳನ್ನು ಮರಳಿ ಬೆಳೆಸುವ ಕೆಲಸ ಗಣಿ ಅಗೆಯುವ ಮೊದಲೇ ಆರಂಭವಾಗಬೇಕು. ಬೀಜ, ಬೇರು, ಸೂಕ್ಷ್ಮಜೀವಿಗಳಿರುವ ಮೇಲ್ಮಣ್ಣನ್ನು ಬೇರೆಯಾಗಿ ತೆಗೆದು, ತಗ್ಗು ರಾಶಿಗಳಲ್ಲಿಟ್ಟು, ಆದಷ್ಟು ಬೇಗ ಬಳಸಬೇಕು. ಗಣಿಯಿಂದ ಅಗೆದು ಸುರಿದ ಕಲ್ಲುಮಣ್ಣಿನ ದಿಬ್ಬದ ಒಟ್ಟು ಇಳಿಜಾರು 28 ಡಿಗ್ರಿ ಮೀರದಂತೆ ಮೆಟ್ಟಿಲು ಮೆಟ್ಟಿಲಾಗಿ ಸಮಗೊಳಿಸಿ, ಯಂತ್ರಗಳ ಭಾರಕ್ಕೆ ಗಟ್ಟಿಯಾದ ನೆಲವನ್ನು ಸಡಿಲಿಸಿ, ತೆಗೆದಿಟ್ಟ ಮೇಲ್ಮಣ್ಣನ್ನು ಹರಡಬೇಕು. ನೆಲದಡಿ ಬೆಂಕಿಯಿರುವಲ್ಲಿ ಅದು ಆರುವವರೆಗೆ ಏನನ್ನೂ ನೆಡಬಾರದು. ಮುಂಗಾರಿನ ಆರಂಭದಲ್ಲಿ ಸ್ಥಳೀಯ ಹುಲ್ಲು ಹಾಗೂ ದ್ವಿದಳ ಸಸ್ಯಗಳ ಬೀಜ ಬಿತ್ತಿ, ಜೊತೆಗೆ ಕಗ್ಗಲಿ, ಮುತ್ತುಗ, ಬಿದಿರು, ನೆಲ್ಲಿ ಸಸಿಗಳನ್ನು ನೆಡಬೇಕು. ಬೇಗ ಹಸಿರು ತೋರಿಸುವ ಆಸೆಯಿಂದ ಆಸ್ಟ್ರೇಲಿಯಾ ಮೂಲದ ಅಕೇಶಿಯವನ್ನಷ್ಟೇ ತುಂಬುವುದು (ನಮ್ಮ ಮಲೆನಾಡಿಗೂ ಇದು ಗೊತ್ತು) ಸರಿಯಲ್ಲ. ಸಾಲ್ ಮರದ ಬೀಜ ಕೆಲವೇ ದಿನಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಉದುರಿದ ಕೂಡಲೇ ಆಯ್ದು ನರ್ಸರಿಯಲ್ಲಿ ಬಿತ್ತಬೇಕು. ಲಂಟಾನ ಕೀಳುವುದನ್ನೂ ದನಕರುಗಳಿಂದ ಸಸಿ ಕಾಯುವುದನ್ನೂ ಮೊದಲ ಕೆಲವು ವರ್ಷ ನಿಲ್ಲಿಸಬಾರದು.