ಹಳೆ ಲ್ಯಾಂಡ್ ರೋವರ್ ಕೊಳ್ಳುವ ಮುಂಚೆ ಅದರ ಹೊಟ್ಟೆ ಕೆಳಗೆ ಮಲಗಿ ನೋಡಿ

ಲ್ಯಾಂಡ್ ರೋವರ್ ನೋಡಲು ಹೋಗುವವರು ಒಯ್ಯಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಒಂದು ಟಾರ್ಚು, ಹಳೆ ಸ್ಪೀಕರಿನ ಅಯಸ್ಕಾಂತ, ಮೊಂಡು ತುದಿಯ ಸ್ಕ್ರೂಡ್ರೈವರ್, ಮಲಗಲು ಒಂದು ಗೋಣಿಚೀಲ. ದುಡ್ಡನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ನೋಡಿದ ಕೂಡಲೇ ಅಡ್ವಾನ್ಸ್ ಕೊಟ್ಟುಬಿಡುವ ಕಾಯಿಲೆ ಈ ಗಾಡಿ ವಿಷಯದಲ್ಲಿ ಬಹಳ ಜನಕ್ಕಿದೆ.

ನಾನು ತೀರ್ಥಹಳ್ಳಿ ಕಡೆ ವೆಲ್ಡಿಂಗ್, ಟಿಂಕರಿಂಗ್ ಕೆಲಸ ಮಾಡುವವನು. ತೋಟದ ಗೇಟು, ಟಿಲ್ಲರಿನ ಟ್ರೈಲರು, ಜೀಪಿನ ಟಾಪು, ಬಂದದ್ದೆಲ್ಲ ಮಾಡುತ್ತೇನೆ. ಕೊಪ್ಪ, ಬಾಳೆಹೊನ್ನೂರು, ಕಳಸ ಕಡೆ ಯಾವುದಾದರೂ ಎಸ್ಟೇಟಿನ ಶೆಡ್ಡಲ್ಲಿ ಹಳೆ ಲ್ಯಾಂಡ್ ರೋವರ್ ಇದೆ ಅಂತ ಸುದ್ದಿಯಾದರೆ, ಕೊಳ್ಳುವವರು ನನ್ನನ್ನೂ ಕರೆದುಕೊಂಡು ಹೋಗುತ್ತಾರೆ. ಗಾಡಿ ಚೆನ್ನಾಗಿದೆ ಅಂತ ಹೇಳಲಿ ಅನ್ನೋದು ಅವರ ಆಸೆ. ಹೆಚ್ಚಿನ ಸಲ ನಾನು ಹೇಳುವುದು ಬೇರೆಯೇ ಇರುತ್ತದೆ.

ಹೊಸ ರೇಂಜ್ ರೋವರ್ ಬಗ್ಗೆ ನಾನು ಮಾತಾಡುವುದಿಲ್ಲ. ಅದು ಕಂಪ್ಯೂಟರ್ ಹಚ್ಚಿ ನೋಡುವ ಗಾಡಿ. ಇಲ್ಲಿ ಹೇಳುತ್ತಿರುವುದು 1948ರಿಂದ 1985ರವರೆಗೆ ಬಂದ ಸೀರೀಸ್ ಒಂದು, ಎರಡು, ಮೂರರ ಬಗ್ಗೆ.

ಮೊದಲು ಕಥೆ ತಿಳಿದುಕೊಳ್ಳಿ

ಕಥೆ ಸುಮ್ನೆ ಹರಟೆಗಲ್ಲ. ಸ್ಕ್ರೂಡ್ರೈವರ್ ಎಲ್ಲಿ ಚುಚ್ಚಬೇಕು ಅಂತ ಹೇಳುವುದೇ ಅದು.

ರೋವರ್ ಕಂಪನಿ ಬೆಳೆದದ್ದು ಸೈಕಲ್ಲಿನಿಂದ. 1885ರಲ್ಲಿ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್ ಸೈಕಲ್ಲಿಗೆ ಹೆಚ್ಚುಕಮ್ಮಿ ಒಂದೇ ಅಳತೆಯ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ಇವತ್ತು ನಾವು ತುಳಿಯುವ ಸೈಕಲ್ಲೂ ಅದೇ ಲೆಕ್ಕದ್ದು. ಆಮೇಲೆ ಕಂಪನಿ ಕಾರಿಗೆ ಇಳಿಯಿತು. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಉಕ್ಕಿಗೂ ರೇಷನ್. ಹೊರದೇಶಕ್ಕೆ ಮಾಲು ಕಳಿಸುವವರಿಗೇ ಮೊದಲ ಪಾಲು. ಸೋಲಿಹಲ್‌ನಲ್ಲಿ ಯುದ್ಧದ ಹೊತ್ತಿಗೆ ವಿಮಾನದ ಎಂಜಿನ್ ಮಾಡುತ್ತಿದ್ದ ದೊಡ್ಡ ಕಾರ್ಖಾನೆ ಕಂಪನಿಯ ಕೈಯಲ್ಲಿತ್ತು. ಅದಕ್ಕೆ ಕೆಲಸ ಬೇಕಿತ್ತು.

ರೋವರ್‌ನ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ವೇಲ್ಸ್‌ನ ಆಂಗ್ಲಸಿ ದ್ವೀಪದಲ್ಲಿ ಜಮೀನು ಮಾಡಿಕೊಂಡಿದ್ದರು. ಅಲ್ಲಿ ಓಡಾಡಲು ಯುದ್ಧದಲ್ಲಿ ಉಳಿದ ಒಂದು ವಿಲ್ಲಿಸ್ ಜೀಪಿತ್ತು. ಅದು ಸವೆದುಹೋದ ಮೇಲೆ ಮುಂದೇನು? ಮತ್ತೊಂದು ಅಮೆರಿಕದ ಜೀಪೇ ಕೊಳ್ಳಬೇಕಾ? 1947ರಲ್ಲಿ ಕಡಲ ದಂಡೆಯ ಮರಳಿನ ಮೇಲೆ ಅಣ್ಣ ಸ್ಪೆನ್ಸರ್‌ಗೆ ಹೊಸ ಗಾಡಿಯ ಗೆರೆ ಎಳೆದು ತೋರಿಸಿದರು ಅಂತ ಕಥೆ. ಮೊದಲ ಮಾದರಿಯನ್ನು ಜೀಪಿನ ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿನ ಮೇಲೇ ಕಟ್ಟಿದ್ದರು. ಸ್ಟೇರಿಂಗ್ ಮಧ್ಯದಲ್ಲಿತ್ತು, ಟ್ರ್ಯಾಕ್ಟರಿಗಿದ್ದ ಹಾಗೆ. ಮಾರುವ ಗಾಡಿಯಲ್ಲಿ ಅದನ್ನು ಬಿಟ್ಟರು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡಾಂ ಮೋಟಾರು ಪ್ರದರ್ಶನದಲ್ಲಿ ಗಾಡಿಯನ್ನು ಜನರ ಮುಂದೆ ನಿಲ್ಲಿಸಿದರು. ಆಗ ಬೆಲೆ 450 ಪೌಂಡು.

ಇಲ್ಲಿಂದ ನಿಮಗೆ ಬೇಕಾದ ವಿಷಯ. ಉಕ್ಕು ಸಿಗದ್ದಕ್ಕೆ ಮೈಗೆಲ್ಲ ಬರ್ಮಬ್ರೈಟ್ ಅನ್ನುವ ಅಲ್ಯುಮಿನಿಯಂ ಮಿಶ್ರಲೋಹದ ತಗಡು ಹಾಕಿದರು. ಅಚ್ಚಿನ ಮೆಷಿನಿಗೆ ದುಡ್ಡು ಸುರಿಯಬಾರದು ಅಂತ ತಗಡನ್ನು ಆದಷ್ಟು ಚಪ್ಪಟೆಯಾಗಿಯೇ ಇಟ್ಟರು. ಮೊದಲ ಗಾಡಿಗಳಿಗೆ ಬಳಿದದ್ದು ಯುದ್ಧ ವಿಮಾನಕ್ಕೆ ತಂದು ಉಳಿದ ಹಸಿರು ಬಣ್ಣ. ಆದರೆ ಭಾರ ಹೊರುವ ಚಾಸಿ ಉಕ್ಕಿನದೇ ಆಗಬೇಕಲ್ಲ? ಚಪ್ಪಟೆ ಉಕ್ಕಿನ ಪಟ್ಟಿಗಳನ್ನು ಸೇರಿಸಿ ಉದ್ದ ಪೆಟ್ಟಿಗೆಯ ಹಾಗೆ ವೆಲ್ಡ್ ಮಾಡಿದರು. ಬಲ ಚೆನ್ನಾಗಿದೆ. ಆದರೆ ಒಳಗೆ ಟೊಳ್ಳು. ಕೆಸರು ನೀರು ಒಳಗೆ ಸೇರಿತೋ, ಅಲ್ಲೇ ಕೂತು ಒಳಗಿನಿಂದ ತಿನ್ನುತ್ತದೆ. ಇಂಗ್ಲೆಂಡಿನ ತುಂತುರಿಗೇ ಕೊಳೆಯುವ ಚಾಸಿ ಇದು. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆ ಸುತ್ತಮುತ್ತ ಅದರ ಗತಿ ಏನಾಗಿರಬಹುದು, ನೀವೇ ಯೋಚಿಸಿ.

ಮೇಲಿನ ಮೈ ಐವತ್ತು ವರ್ಷವಾದರೂ ತುಕ್ಕಿಲ್ಲದೆ ನಗುತ್ತಿರುತ್ತದೆ. ಬಣ್ಣ ಹೊಡೆದು, ತೊಳೆದು, ಅಂಗಳದಲ್ಲಿ ನಿಲ್ಲಿಸಿದರೆ ಯಾರಿಗಾದರೂ ಮನಸ್ಸಾಗಬೇಕು. ಮಾರುವವರು ಹೇಳುವುದೂ ಅದನ್ನೇ: "ಅಲ್ಯುಮಿನಿಯಂ ಮಾರಾಯ್ರೆ, ತುಕ್ಕು ಎಲ್ಲಿಂದ ಬರ್ಬೇಕು?" ಹೌದು ಅನ್ನಿ. ಜಗಳ ಬೇಡ. ಗೋಣಿಚೀಲ ಹಾಸಿ ಕೆಳಗೆ ಮಲಗಿ.

ಕೆಳಗೆ ಏನು ನೋಡಬೇಕು

ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಲ್ಯಾಂಡ್ ರೋವರ್ ಎತ್ತರವಿರುವುದರಿಂದ ಜ್ಯಾಕ್ ಹಾಕದೆಯೇ ಬಹಳಷ್ಟು ಕಾಣುತ್ತದೆ.

ಮೊದಲು ಹಿಂಬದಿಯ ಅಡ್ಡ ತೊಲೆ. ಟ್ರೈಲರ್ ಕೊಕ್ಕೆ ಕೂರುವ ಜಾಗ. ಹಿಂದಿನ ಚಕ್ರ ಎರಚುವ ಕೆಸರೆಲ್ಲ ಅದರ ಮೇಲೇ ಬೀಳುತ್ತದೆ. ಎಲ್ಲಕ್ಕಿಂತ ಮೊದಲು ಸಾಯುವುದು ಇದೇ. ಸ್ಕ್ರೂಡ್ರೈವರಿನ ಹಿಡಿಯಿಂದ ಅದರ ಕೆಳಮೈಯನ್ನು ಅಡ್ಡಡ್ಡವಾಗಿ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಠಣ್ ಅನ್ನುತ್ತದೆ. ಕೊಳೆತದ್ದು ಡಬ್ ಅನ್ನುತ್ತದೆ, ಕಣ್ಣಿಗೆ ಪುಡಿ ಉದುರುತ್ತದೆ. ಡಬ್ ಅಂದಲ್ಲಿ ತುದಿಯಿಂದ ಒತ್ತಿ. ಮಾಲೀಕರು ಗೊಣಗಿದರೆ ಗೊಣಗಲಿ. ಗಟ್ಟಿ ಚಾಸಿಗೆ ಮೊಂಡು ಸ್ಕ್ರೂಡ್ರೈವರಿನಿಂದ ಏನೂ ಆಗುವುದಿಲ್ಲ.

ಆಮೇಲೆ ಕಮಾನ್ ಪ್ಲೇಟುಗಳ ತುದಿ ಚಾಸಿಗೆ ಸೇರುವ ಜಾಗಗಳು. ಈ ಸೀರೀಸಿನ ಗಾಡಿಗಳಿಗೆಲ್ಲ ಕಮಾನ್ ಪ್ಲೇಟೇ. ಗುಂಡಿ ರಸ್ತೆಯ ಏಟೆಲ್ಲ ಆ ತುದಿಗೇ. ಅಲ್ಲಿ ತೇಪೆ ಕಂಡರೆ ತೇಪೆಯ ಅಂಚು ನೋಡಿ. ಹಳೆ ತುಕ್ಕು ಪೂರ್ತಿ ಕತ್ತರಿಸಿ ಹೊಸ ಪ್ಲೇಟು ಕೂರಿಸಿದ್ದರೆ ಒಳ್ಳೆಯ ಕೆಲಸ. ತುಕ್ಕಿನ ಮೇಲೇ ಪ್ಲೇಟು ಅಂಟಿಸಿದ್ದರೆ ಅದು ಮಾರುವುದಕ್ಕೆ ಮಾಡಿದ ಕೆಲಸ.

ಅಯಸ್ಕಾಂತ ಎರಡು ಕಡೆ ಉಪಯೋಗಕ್ಕೆ ಬರುತ್ತದೆ. ಚಾಸಿಯ ಉದ್ದಕ್ಕೂ ಹಿಡಿದು ಹೋಗಿ. ಒಂದು ಕಡೆ ಕಚ್ಚಲಿಲ್ಲ ಅಂದರೆ ಅಲ್ಲಿ ಉಕ್ಕಿಲ್ಲ, ಪುಟ್ಟಿ ಇದೆ. ಮೈಮೇಲೆ ಇದರ ಉಲ್ಟಾ. ಮಡ್‌ಗಾರ್ಡ್, ಬಾನೆಟ್, ಹಿಂದಿನ ತೊಟ್ಟಿ, ಇವುಗಳ ತಗಡಿಗೆ ಕಚ್ಚಬಾರದು. ಕಚ್ಚಿದರೆ ಯಾರೋ ಕಬ್ಬಿಣದ ತಗಡು ಬಡಿದಿದ್ದಾರೆ ಅಂತ ಅರ್ಥ.

ಮುಂದಿನ ಗ್ಲಾಸು, ಡ್ಯಾಶು, ಕಾಲಿಡುವ ಜಾಗ ಎಲ್ಲವನ್ನೂ ಹಿಡಿದಿರುವ ಅಡ್ಡಗೋಡೆಯೂ ಉಕ್ಕಿನದು. ಮ್ಯಾಟ್ ಎತ್ತಿಸಿ. ಕ್ಲಚ್ ಪೆಡಲ್ ಕೆಳಗೆ ತೂತು ಬಿದ್ದು ನೆಲ ಕಂಡರೆ ಆಶ್ಚರ್ಯಪಡಬೇಡಿ. ಬಾಗಿಲಿನ ಹೊರಮೈ ಅಲ್ಯುಮಿನಿಯಂ, ಒಳಚೌಕಟ್ಟು ಉಕ್ಕು. ಎರಡು ಲೋಹ ಒಟ್ಟಿಗಿದ್ದು ನಡುವೆ ನೀರು ನಿಂತರೆ ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತದೆ. ಬಾಗಿಲ ಕೆಳ ಅಂಚಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಅದೇ ಕಾರಣ.

ಇನ್ನೊಂದು ವಿಷಯ ಇಂಗ್ಲೆಂಡಿನವರಿಗೆ ಬೇಕಾಗಲಿಲ್ಲವೋ ಏನೋ, ನಮಗೆ ಬೇಕು. ಗಾಡಿ ಅಡಿಕೆ ತೋಟದಲ್ಲಿ ದುಡಿದದ್ದಾ ಅಂತ ಕೇಳಿ. ಹೌದಾದರೆ ಹಿಂದಿನ ತೊಟ್ಟಿಯ ಮೂಲೆಗಳನ್ನು ಟಾರ್ಚು ಹಿಡಿದು ನೋಡಿ. ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆಯುವಾಗ ತಾಮ್ರದ ಉಪ್ಪಾದ ಮೈಲುತುತ್ತದ ಚೀಲ, ದ್ರಾವಣದ ಡ್ರಮ್ಮು ಎಲ್ಲ ಅಲ್ಲೇ ಹೇರುವುದು. ಬೋರ್ಡೋ ಕಲಸಿ ಕತ್ತಿ ಅದ್ದಿ ನೋಡುತ್ತೇವಲ್ಲ? ಕತ್ತಿ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ. ಅಲ್ಲಿ ಕಬ್ಬಿಣ ಕರಗಿ ತಾಮ್ರ ಕೂರುತ್ತದೆ. ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಬೇಗ ಸೋಲುತ್ತದೆ. ಚೆಲ್ಲಿದ ಮೈಲುತುತ್ತದ ನೀರು ತೊಳೆಯದೆ ಬಿಟ್ಟರೆ ತಾಮ್ರ ಕೂತ ಕಡೆಯೆಲ್ಲ ಗುಂಡುಸೂಜಿ ಚುಚ್ಚಿದ ಹಾಗೆ ತೂತು ಬೀಳುತ್ತದೆ. ಮೇಲಿಂದ ಬಣ್ಣ ಹೊಡೆದರೆ ಕಾಣುವುದಿಲ್ಲ. ಒಳಗೆ ಟಾರ್ಚು ಇಟ್ಟು ಕೆಳಗಿನಿಂದ ನೋಡಿದರೆ ನಕ್ಷತ್ರದಂತೆ ಬೆಳಕು ಬರುತ್ತದೆ.

ಓಡಿಸಿ ನೋಡುವಾಗ

ಎಂಜಿನ್ ಬಗ್ಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. 1958ರಿಂದ ಬಂದ ಎರಡೂಕಾಲು ಲೀಟರಿನ ಪೆಟ್ರೋಲ್ ಎಂಜಿನ್ ಸರಳ, ಗಟ್ಟಿ. ರಿಪೇರಿಯಾಗುತ್ತದೆ. ಚಾಸಿಗೆ ಆಗುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಗೇರು ಹಾಕುವಾಗ ಒಂದು, ಎರಡಕ್ಕೆ ಕರಕರ ಅಂದರೆ ಗೇರ್ ಬಾಕ್ಸ್ ಹೋಗಿದೆ ಅಂದುಕೊಳ್ಳಬೇಡಿ. ಸೀರೀಸ್ ಎರಡರವರೆಗೆ ಆ ಎರಡು ಗೇರಿಗೆ, ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ಇಲ್ಲ. ಹಳೆ ಲಾರಿ ಡ್ರೈವರುಗಳ ಹಾಗೆ ಎರಡು ಸಲ ಕ್ಲಚ್ ಒತ್ತಬೇಕು. 1971ರಲ್ಲಿ ಬಂದ ಸೀರೀಸ್ ಮೂರರಲ್ಲಿ ಮುಂದಿನ ಎಲ್ಲ ಗೇರಿಗೂ ಇದೆ. ಅದರಲ್ಲಿ ಕರಕರ ಅಂದರೆ ಚಿಂತೆ ಮಾಡಿ.

ನೆಲದಲ್ಲಿ ಕೆಂಪು ಗುಂಡಿನ ಲಿವರ್, ಹಳದಿ ಗುಂಡಿನ ಕಡ್ಡಿ ಇರುತ್ತವೆ. ಹಳದಿ ಒತ್ತಿದರೆ ನಾಲ್ಕೂ ಚಕ್ರಕ್ಕೆ ಎಳೆತ. ಗಾಡಿ ನಿಲ್ಲಿಸಿ ಕೆಂಪನ್ನು ಹಿಂದಕ್ಕೆ ಎಳೆದರೆ ಲೋ ಗೇರು, ಆಗ ಹಳದಿ ತಾನೇ ಮೇಲೆ ಹಾರಬೇಕು. ವರ್ಷಾನುಗಟ್ಟಲೆ ಮುಟ್ಟದೆ ಇವು ಹಿಡಿದುಕೊಂಡಿರುತ್ತವೆ. ಪರೀಕ್ಷೆಯನ್ನು ತೋಟದ ಮಣ್ಣು ದಾರಿಯಲ್ಲೇ ಮಾಡಿ, ಟಾರು ರಸ್ತೆಯಲ್ಲಿ ಬೇಡ. ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಅವುಗಳ ನಡುವೆ ಇಲ್ಲ. ಗಟ್ಟಿ ರಸ್ತೆಯಲ್ಲಿ ತಿರುಗಿಸಿದರೆ ಶಾಫ್ಟುಗಳು ತಿರುಚಿಕೊಳ್ಳುತ್ತವೆ.

ಮುಂದಿನ ಚಕ್ರದ ಹಿಂದೆ ಕ್ರೋಮಿನ ದೊಡ್ಡ ಗುಂಡು ಕಾಣುತ್ತದೆ. ಸ್ಟೇರಿಂಗ್ ತಿರುಗಿದಂತೆ ಚಕ್ರ ಅದರ ಮೇಲೆ ತಿರುಗುತ್ತದೆ. ಕ್ರೋಮು ಎದ್ದು ಕುಳಿ ಬಿದ್ದಿದ್ದರೆ ಸೀಲು ಎಷ್ಟು ಹೊಸದು ಹಾಕಿದರೂ ಎಣ್ಣೆ ಸೋರುತ್ತದೆ.

ವೈರಿಂಗ್ ಮುಟ್ಟುವ ಮುಂಚೆ ಬ್ಯಾಟರಿ ನೋಡಿ. 1967ರ ಹೊತ್ತಿನವರೆಗಿನ ಗಾಡಿಗಳಲ್ಲಿ ಗಾಡಿಯ ಮೈಗೆ (ಅರ್ಥ್) ಕೊಟ್ಟಿರುವುದು ಬ್ಯಾಟರಿಯ ಪಾಸಿಟಿವ್ ತುದಿ. ಗೊತ್ತಿಲ್ಲದೆ ಮೊಬೈಲ್ ಚಾರ್ಜರ್, ಎಲ್‌ಇಡಿ ಹಾಕಿದರೆ ಸುಟ್ಟುಹೋಗುತ್ತದೆ. ಬೋಲ್ಟುಗಳೂ ಇಂಚಿನ ಲೆಕ್ಕದವು. ನಮ್ಮ ಮಾಮೂಲಿ ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಲೆ ಸವೆಸಿದ್ದರೆ, ಹಿಂದೆ ಎಂಥವರ ಕೈಗೆ ಸಿಕ್ಕಿತ್ತು ಅಂತ ತಿಳಿಯುತ್ತದೆ.

ಕಾಗದ ಪತ್ರ

ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯಲ್ಲೇ ಹುಡುಕಿ ಹೊಂದಿಸಿ ನೋಡಿ. ಮಲೆನಾಡಿನಲ್ಲಿ ಪೆಟ್ರೋಲ್ ಉಳಿಸಲು ಬೇರೆ ಡೀಸೆಲ್ ಎಂಜಿನ್ ಕೂರಿಸಿದ ಹಳೆ ಗಾಡಿ ಬೇಕಾದಷ್ಟಿವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಇದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಬರೆಸಬೇಕು. ಬರೆಸಿಲ್ಲದಿದ್ದರೆ ಆ ತಲೆನೋವು ನಿಮಗೆ ಬರುತ್ತದೆ. ಸ್ವಂತ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದು ಎಂದು ನಿಂತಿದೆ ಅಂತ ನೋಡಿ.

50 ವರ್ಷ ದಾಟಿದ ಗಾಡಿಯಾದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಪ್ರದರ್ಶನ, ರ್‍ಯಾಲಿಗೆ ಬಿಟ್ಟು ದಿನಾ ಓಡಿಸುವಂತಿಲ್ಲ. ಗೊಬ್ಬರ ಹೇರಿಕೊಂಡು ಶಿವಮೊಗ್ಗಕ್ಕೆ ಹೋಗಿಬರುವ ಆಸೆಯಿದ್ದರೆ ಅದು ನಿಮಗಲ್ಲ.

ಇಷ್ಟೆಲ್ಲ ಗೋಳಿನ ಗಾಡಿ ಯಾಕೆ ಬೇಕು ಅಂತ ಅನ್ನಿಸಬಹುದು. ನನ್ನನ್ನು ಕೇಳಿದರೆ, ಇದು ದೊಡ್ಡಸ್ತಿಕೆಗೆ ಹುಟ್ಟಿದ ಗಾಡಿಯಲ್ಲ, ಅದೇ ಇದರ ಸೊಗಸು. ಹೊಲ ಉಳಲಿ, ಶಾಫ್ಟಿಗೆ ಬೆಲ್ಟು ಕೊಟ್ಟು ಗರಗಸ ಓಡಿಸಲಿ ಅಂತಲೇ ಮಾಡಿದ್ದು. 1970ರಲ್ಲಿ ಬಂದ ಮೊದಲ ರೇಂಜ್ ರೋವರ್ ಕೂಡ ಹಾಗೇ. ಅದರ ರಬ್ಬರ್ ನೆಲವನ್ನು ಪೈಪು ಹಿಡಿದು ತೊಳೆಯಬಹುದಿತ್ತು. ಚರ್ಮದ ಸೀಟು, ಮರದ ಅಲಂಕಾರ ಎಲ್ಲ ಆಮೇಲೆ ಬಂದವು. ದೊಡ್ಡವರೇ ಇದನ್ನು ಹುಡುಕಿಕೊಂಡು ಬಂದರು. 2021ರಲ್ಲಿ ಬ್ರಿಟನ್ ರಾಣಿಯ ಗಂಡ ಫಿಲಿಪ್ ತೀರಿಕೊಂಡಾಗ ಶವ ಒಯ್ದದ್ದು ಅವರೇ ಹೇಳಿ ಮಾರ್ಪಡಿಸಿಕೊಂಡಿದ್ದ ಲ್ಯಾಂಡ್ ರೋವರ್ ಡಿಫೆಂಡರಿನಲ್ಲಿ. ಕಂಪನಿ ಫೋರ್ಡ್ ಕೈಯಿಂದ 2008ರಲ್ಲಿ ಜಾಗ್ವಾರ್ ಜೊತೆಗೇ ಟಾಟಾದವರಿಗೆ ಬಂತು, 230 ಕೋಟಿ ಡಾಲರಿಗೆ. ರೇಂಜ್ ರೋವರನ್ನು ಪುಣೆಯಲ್ಲೇ ಜೋಡಿಸುತ್ತೇವೆ ಅಂತ 2024ರಲ್ಲಿ ಹೇಳಿದರು.

ಕೊಂಡ ಮೇಲೆ, ಮಳೆಗೆ ಮುಂಚೆ

ಮೇ ತಿಂಗಳಲ್ಲೇ ಕೆಲಸ ಮುಗಿಸಿ. ಚಾಸಿಯ ಕೆಳಮೈಯಲ್ಲಿ ನೀರು ಹರಿಯಲು ತೂತುಗಳಿವೆ. ಕಂಬಿ ಹಾಕಿ ಕೆದಕಿ, ಪೈಪಿನಲ್ಲಿ ನೀರು ಬಿಟ್ಟು ಒಳಗಿನ ಮಣ್ಣು ಪೂರ್ತಿ ತೊಳೆಯಿರಿ. ಬಿಸಿಲಲ್ಲಿ ಒಂದು ವಾರ ಒಣಗಲಿ. ಒದ್ದೆಯ ಮೇಲೆ ಏನು ಹಚ್ಚಿದರೂ ನೀರನ್ನು ಒಳಗೇ ಮುಚ್ಚಿದ ಹಾಗೆ. ಆಮೇಲೆ ಚಾಸಿ ಒಳಗೆ ಹೊಡೆಯುವ ಮೇಣದ ಸ್ಪ್ರೇಯನ್ನು ಉದ್ದ ನಳಿಗೆ ಹಾಕಿ ಎಲ್ಲ ಮೂಲೆಗೂ ಹೊಡೆಯಿರಿ. ಸುಟ್ಟ ಎಂಜಿನ್ ಆಯಿಲ್ ಹಚ್ಚುವ ಪದ್ಧತಿ ನಮ್ಮಲ್ಲಿದೆ. ನನಗೆ ಅದು ಸರಿ ಕಾಣುವುದಿಲ್ಲ. ರಬ್ಬರ್ ಬುಶ್, ಬ್ರೇಕಿನ ಹೋಸು ಊದಿಕೊಂಡು ಹಾಳಾಗುತ್ತವೆ.

ಮಳೆಗಾಲದಲ್ಲಿ ಗಾಡಿಗೆ ಟಾರ್ಪಾಲು ಸುತ್ತಿ ಕಟ್ಟಬೇಡಿ. ಒಳಗೆ ಬೆವರುತ್ತದೆ, ಸೀಟಿಗೆ ಬೂಷ್ಟು ಬರುತ್ತದೆ. ಮೇಲೆ ಸೂರು ಇದ್ದರೆ ಸಾಕು, ಪಕ್ಕ ಗಾಳಿಯಾಡಲಿ. ಮಣ್ಣಿನ ನೆಲವಾದರೆ ಚಕ್ರದ ಕೆಳಗೆ ಹಲಗೆ ಕೊಡಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಬಿಟ್ಟರೆ ಸಾಲದು, ಬ್ರೇಕು ಬಿಸಿಯಾಗುವಷ್ಟು ದೂರ ಓಡಿಸಿ ತನ್ನಿ. ಇಲ್ಲದಿದ್ದರೆ ಬ್ರೇಕ್ ಡ್ರಮ್ಮು ಹಿಡಿದುಕೊಂಡು ದೀಪಾವಳಿ ಹೊತ್ತಿಗೆ ಗಾಡಿಯನ್ನು ಎಳೆದುಕೊಂಡು ನನ್ನಂಥವನ ಹತ್ತಿರ ತರಬೇಕಾಗುತ್ತದೆ.