ಪನೀರ್ ನೀರಿನಿಂದ ಹಾಲಿನ ಸಕ್ಕರೆ: ಹರಳು ಕೆಡಿಸುವ ಕಲ್ಮಶಗಳು

ಪನೀರ್ ಮಾಡಿದಾಗ ಉಳಿಯುವ 5 ಲೀಟರ್ ನೀರಿನಲ್ಲಿ ಸುಮಾರು 230 ಗ್ರಾಂ ಹಾಲಿನ ಸಕ್ಕರೆ (ಲ್ಯಾಕ್ಟೋಸ್) ಇರುತ್ತದೆ. ಸುಮ್ಮನೆ ಕುದಿಸಿ ಬತ್ತಿಸಿದರೆ ಕೈಗೆ ಬರುವುದು ಉಪ್ಪುಪ್ಪಾದ ಕಂದು ಅಂಟು. ನೀರು ಹೋದಂತೆ ಕಲ್ಮಶವೂ ದಪ್ಪವಾಗುತ್ತದೆ. ಆದ್ದರಿಂದ ಶುದ್ಧಿ ಮೊದಲು, ಬತ್ತಿಸುವುದು ಆಮೇಲೆ.

ಪನೀರಿಗೆ ಹಾಲನ್ನು ಚೆನ್ನಾಗಿ ಕಾಯಿಸಿರುವುದರಿಂದ ಪ್ರೊಟೀನಿನ ಬಹುಪಾಲು ಗಡ್ಡೆಯ ಜೊತೆಗೇ ಹೋಗಿರುತ್ತದೆ. ಚೀಸ್ ನೀರಿಗಿಂತ ಇದು ಒಳ್ಳೆಯದು. ಆದರೆ ಹುಳಿಯಲ್ಲಿ ಕರಗಿದ ಕ್ಯಾಲ್ಸಿಯಂ ಫಾಸ್ಫೇಟ್ ಉಳಿದೇ ಇರುತ್ತದೆ. ತಿನ್ನುವ ಸುಣ್ಣವನ್ನು ನೀರಿನಲ್ಲಿ ತೆಳ್ಳಗೆ ಕದಡಿ ಹನಿಹನಿಯಾಗಿ ಹಾಕಿ ಪಿಎಚ್ (ಹುಳಿಯ ಅಳತೆ) 6.2–6.5ಕ್ಕೆ ತನ್ನಿ, 90 ಡಿಗ್ರಿಗೆ ಕಾಯಿಸಿ 15 ನಿಮಿಷ ಬಿಡಿ, ಬಿಸಿಯಿರುವಾಗಲೇ ದಪ್ಪ ಬಟ್ಟೆಯಲ್ಲಿ ಸೋಸಿ. ಈ ಫಾಸ್ಫೇಟ್ ಬಿಸಿಯಲ್ಲಿ ಕಡಿಮೆ ಕರಗುತ್ತದೆ; ಆರಿಸಿ ಸೋಸಿದರೆ ಮತ್ತೆ ಕರಗಿಕೊಂಡು ಕೆಳಗಿಳಿಯುತ್ತದೆ. ಪಿಎಚ್ 7 ದಾಟಿದರೆ ಸಕ್ಕರೆ ಕಂದುಗಟ್ಟುತ್ತದೆ.

ಈಗ ಅಗಲ ಪಾತ್ರೆಯಲ್ಲಿ, ಕುದಿ ಬರಿಸದೆ, ತೂಕ 500 ಗ್ರಾಂಗೆ ಇಳಿಯುವವರೆಗೆ ಬತ್ತಿಸಿ. 60 ಡಿಗ್ರಿಗೆ ಆರಿದಾಗ ನುಣ್ಣಗೆ ಅರೆದ ಲ್ಯಾಕ್ಟೋಸ್ ಒಂದು ಚಿಟಿಕೆ ಬೀಜವಾಗಿ, ಅಂದರೆ ಹರಳು ಬೆಳೆಯಲು ಆಸರೆಯಾಗಿ, ಉದುರಿಸಿ. ಗಂಟೆಗೆ 2–3 ಡಿಗ್ರಿಯಂತೆ 15 ಡಿಗ್ರಿಗೆ ಇಳಿಸಿ, ಆಗಾಗ ಕದಡಿ. ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ರಾತ್ರಿ ಪೂರ್ತಿ ನಿಧಾನವಾಗಿ ಆರುತ್ತದೆ. ಕೊನೆಯ ಹಂತಕ್ಕೆ ಫ್ರಿಜ್ ಸಾಕು. ಅವಸರಪಟ್ಟರೆ ಹರಳು ಮರಳಿನಂತಾಗಿ, ನಡುವೆ ಸಿಕ್ಕಿಕೊಂಡ ಪಾಕ ತೊಳೆದರೂ ಬಿಡುವುದಿಲ್ಲ.

ಭೂತಗನ್ನಡಿಯಲ್ಲಿ ನೋಡಿ: ಒಳ್ಳೆಯ ಹರಳು ಕೊಡಲಿಯ ಅಲಗಿನಂತಿರುತ್ತದೆ. ತಮಾಷೆಯೆಂದರೆ ಆ ಆಕಾರವೂ ಒಂದು ಕಲ್ಮಶದ ಕೆಲಸ. ಲ್ಯಾಕ್ಟೋಸ್‌ಗೆ ಆಲ್ಫಾ, ಬೀಟಾ ಎಂಬ ಎರಡು ರೂಪ. 93.5 ಡಿಗ್ರಿಗಿಂತ ಕೆಳಗೆ ಹರಳಾಗುವುದು ಆಲ್ಫಾ ಲ್ಯಾಕ್ಟೋಸ್; ದ್ರಾವಣದಲ್ಲೇ ಇರುವ ಅದರ ಜೋಡಿ ಬೀಟಾ, ಹರಳಿನ ಕೆಲವು ಮುಖಗಳಿಗೆ ಅಂಟಿ ಅತ್ತ ಬೆಳೆಯಲು ಬಿಡುವುದಿಲ್ಲ.

ಹರಳನ್ನು ಸೋಸಿ, 50 ಮಿಲಿ ಐಸ್ ನೀರಿನಲ್ಲಿ ಎರಡು ಸಲ ತೊಳೆಯಿರಿ. ನಾಲಿಗೆಗೆ ಉಪ್ಪು ಹತ್ತಿದರೆ ಇನ್ನೊಮ್ಮೆ. ಬಿಸಿನೀರಿನಲ್ಲಿ ಕರಗಿಸಿದಾಗ ಮಬ್ಬಾದರೆ ಫಾಸ್ಫೇಟ್ ಉಳಿದಿದೆ ಎಂದರ್ಥ. ಹಳದಿ ಛಾಯೆ ಮಾತ್ರ ತೊಳೆದರೆ ಹೋಗುವುದಲ್ಲ. ಅದು ರೈಬೋಫ್ಲೇವಿನ್ (ಹಾಲಿನಲ್ಲಿರುವ ಹಳದಿ ಬಣ್ಣದ ಬಿ2 ಜೀವಸತ್ವ), ಹರಳು ಬೆಳೆಯುವಾಗಲೇ ಒಳಗೆ ಸೇರಿಕೊಂಡಿರುತ್ತದೆ. ಸಕ್ಕರೆಯನ್ನು ಮತ್ತೆ ಬಿಸಿನೀರಿನಲ್ಲಿ ಕರಗಿಸಿ, ಅದರ ತೂಕದ ಶೇ. 1ರಷ್ಟು ಸಕ್ರಿಯ ಇದ್ದಿಲು ಹಾಕಿ, ಹತ್ತು ನಿಮಿಷ ಕದಡಿ, ಕಾಗದದಲ್ಲಿ ಸೋಸಿ ಮತ್ತೆ ಹರಳುಗಟ್ಟಿಸಬೇಕು. 60 ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಒಣಗಿಸಿ. ಕೊನೆಗೆ 150 ಗ್ರಾಂ ಸಿಕ್ಕರೆ ಒಳ್ಳೆಯ ಇಳುವರಿ.